ಕೌದಿಗೆ ಕೂತವರು

ಹೋದ ತಿಂಗಳು ನಮ್ಮ ಓಣಿಯ ಹೊಲಿಗೆ ತರಬೇತಿಗೆ ಬರುವ ನಾಲ್ವರು ಹುಡುಗಿಯರು ಮನೆಗೆ ಬಂದು, ಕೌದಿ ಹೊಲಿಯುವುದನ್ನು ಬರೆದುಕೊಡಬೇಕೆಂದು ಗಂಟುಬಿದ್ದರು. ಮೊದಲು ಮೊಬೈಲಿನಲ್ಲಿ ನೋಡಿ ಕಲಿಯಲು ಕೂತಿದ್ದರಂತೆ. ಅದರಲ್ಲಿ ಬರುವ ಹೆಂಗಸು ಬಟ್ಟೆಗೆಲ್ಲ ಇಸ್ತ್ರಿ ಹಾಕಿ, ಸ್ಕೇಲಿಟ್ಟು ಗೆರೆ ಎಳೆದು, ಪುಟ್ಟ ಗಾಲಿಯಂಥದ್ದನ್ನು ಉರುಳಿಸಿ ಕತ್ತರಿಸುತ್ತಾಳೆ. ನಮ್ಮ ಹುಡುಗಿಯರ ಹತ್ತಿರ ಆ ಗಾಲಿಯೂ ಇಲ್ಲ, ಹೊಸ ಬಟ್ಟೆಯೂ ಇಲ್ಲ. ಇರುವುದು ಮನೆಯ ಹಳೇ ಸೀರೆ, ಟೇಲರ್ ಅಂಗಡಿಯ ಚಿಂದಿ, ಮತ್ತೆ ಓಣಿಯ ತುದಿಯಲ್ಲಿ ಕೆಲಸವಿಲ್ಲದೆ ಕೂತ ಹಂಪಮ್ಮ.

ಹಂಪಮ್ಮ ಎಂದರೆ ನಾನು. ಕೊಟ್ಟೂರಿನವಳು. ಮೂವತ್ತೆಂಟು ವರ್ಷ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಊರೂರು ತಿರುಗಿ, ಕಂಡವರ ಪಡಸಾಲೆಯಲ್ಲಿ ಕೂತು ಕೌದಿ ಹೊಲಿದೆ. ಈಗ ಬಲಗೈ ಹೆಬ್ಬೆರಳಿನ ಗಿಣ್ಣು ಮುಷ್ಕರ ಹೂಡಿದೆ, ಹಾಗಾಗಿ ನಿವೃತ್ತಿ. ಹಾರ ಹಾಕಿ ಬೀಳ್ಕೊಟ್ಟವರು ಯಾರೂ ಇಲ್ಲ. ನಮ್ಮ ಕೆಲಸದಲ್ಲಿ ಬಡ್ತಿಯೂ ಇಲ್ಲ, ವರ್ಗಾವಣೆಯೂ ಇಲ್ಲ. ಗೋಡೆಗೆ ಬೆನ್ನು ಆನಿಸಿ ಕೂರುವ ಜಾಗ ಸಿಕ್ಕಿತೆಂದರೆ ಅದನ್ನೇ ಬಡ್ತಿ ಎಂದುಕೊಳ್ಳುತ್ತಿದ್ದೆವು.

ನನಗೆ ಕೆಲಸ ಕಲಿಸಿದವಳು ಹುಸೇನಮ್ಮ. ಆಕೆಯ ಗಂಡನದು ಕೊಟ್ಟೂರಿನ ಪೇಟೆಯಲ್ಲಿ ಒಂದು ಟೇಲರ್ ಅಂಗಡಿ. ಗಂಡ ಕತ್ತರಿಸಿ ಬಿಸಾಡಿದ ಚಿಂದಿಯನ್ನೆಲ್ಲ ಹೆಂಡತಿ ಮೂಟೆ ಕಟ್ಟಿ ಇಡುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದಿದ್ದ ನಾನು ಕೆಲಸ ಕೇಳಿಕೊಂಡು ಹೋದ ದಿನ ಆಕೆ ನನ್ನ ಹೆಸರನ್ನೂ ಕೇಳಲಿಲ್ಲ. ಚಿಂದಿಯ ಮೂಟೆಯನ್ನು ನನ್ನ ಮುಂದೆ ಸುರುವಿ, ಕಣ್ಣು ಮುಚ್ಚಿಕೊಂಡು ನೂಲಿನದು ಯಾವುದು, ಟೆರಿಕಾಟ್ ಯಾವುದು, ನೈಲಾನ್ ಯಾವುದು ಬೇರೆ ಮಾಡು ಅಂದಳು. ನಾನು ಒಂದು ಕಣ್ಣು ಸ್ವಲ್ಪ ತೆರೆದು ಮಾಡಿದೆ. ಹುಸೇನಮ್ಮ ಎದ್ದು ಬಂದು ತನ್ನ ಸೆರಗಿನಿಂದಲೇ ನನ್ನ ಕಣ್ಣು ಕಟ್ಟಿದಳು. ಆಮೇಲೆ ಒಂದು ವಾರ ನಾನು ಮಾಡಿದ ಕೆಲಸ ಅದೊಂದೇ.

ನನಗೆ ಸಿಟ್ಟು ಬಂದಿತ್ತು. ಆದರೆ ಹುಡುಗಿಯರೇ, ಕೌದಿಯ ಕೆಲಸ ಶುರುವಾಗುವುದು ಸೂಜಿಯಿಂದಲ್ಲ, ಬೆರಳ ತುದಿಯಿಂದ. ನೂಲಿನ ಬಟ್ಟೆ ಮುಟ್ಟಿದರೆ ಬೆರಳಿಗೆ ಅಂಟಿಕೊಳ್ಳುತ್ತದೆ, ನೈಲಾನ್ ಜಾರಿಕೊಳ್ಳುತ್ತದೆ. ಹತ್ತು ಸಲ ತೊಳೆದದ್ದು ಮೆತ್ತಗೆ ಮಣಿಯುತ್ತದೆ. ಒಮ್ಮೆಯೂ ನೀರು ಕಾಣದ್ದು ಗಂಜಿಯ ಜಂಬದಲ್ಲಿ ನಿಗುರಿಕೊಂಡಿರುತ್ತದೆ. ಒಂದೇ ಕೌದಿಯಲ್ಲಿ ಹಳೆಯದನ್ನೂ ಹೊಸದನ್ನೂ ಸೇರಿಸಿದರೆ ಮೊದಲ ಒಗೆತಕ್ಕೇ ಹೊಸದು ಕುಗ್ಗಿ ಪಕ್ಕದವನ್ನೆಲ್ಲ ಎಳೆದಾಡುತ್ತದೆ. ಅದಕ್ಕೇ ಬಂದ ಬಟ್ಟೆಯನ್ನೆಲ್ಲ ಹಿಂದಿನ ದಿನವೇ ನೆನೆಹಾಕಿ, ತೊಳೆದು, ಬಿಸಿಲಿಗೆ ಹಾಕಬೇಕು.

ಆಮೇಲೆ ಹರಿಯುವುದು. ಕತ್ತರಿ ಬೇಡ. ಅಂಚಿನಲ್ಲಿ ಹಲ್ಲಿನಿಂದ ಒಂದು ಗಾಯ ಮಾಡಿ ಚರ್ರನೆ ಎಳೆದರೆ ಬಟ್ಟೆ ತಾನೇ ನೇರ ದಾರಿ ಹಿಡಿದು ಹರಿಯುತ್ತದೆ. ಹೊಸದಾಗಿ ಸೇರಿದವರಿಗೆ ಇದು ಬಹಳ ಖುಷಿ ಕೊಡುವ ಕೆಲಸ. ಅತ್ತೆಯ ಮೇಲಿನ ಸಿಟ್ಟು, ಗಂಡನ ಮೇಲಿನ ಸಿಟ್ಟು ಎಲ್ಲವನ್ನೂ ಇಲ್ಲೇ ತೀರಿಸಿಕೊಳ್ಳಬಹುದು. ನಾನು ತೀರಿಸಿಕೊಂಡಿದ್ದೇನೆ. ಆದರೆ ಹರಿಯುವ ಮುಂಚೆ ಒಂದು ಮಾತು ಕೇಳಬೇಕು ಎಂಬುದನ್ನು ಹಗರಿಬೊಮ್ಮನಹಳ್ಳಿಯಲ್ಲಿ ಕಲಿತೆ.

ಅದೊಬ್ಬ ಬಸ್ ಕಂಡಕ್ಟರ್ ಮನೆ. ಆತನ ಹೆಂಡತಿ ತೊಳೆದಿಟ್ಟ ಹಳೇ ಬಟ್ಟೆಯ ಗಂಟನ್ನು ಪಡಸಾಲೆಗೆ ತಂದಿಟ್ಟು ಅಡುಗೆಮನೆಗೆ ಹೋದಳು. ಗಂಟಿನ ಮೇಲೆ ಒಂದು ಖಾಕಿ ಅಂಗಿ ಇತ್ತು. ಗಟ್ಟಿ ನೂಲು, ಒಳ್ಳೆಯ ಬಣ್ಣ. ಹೂವಿನ ಸೀರೆಗಳ ನಡುವೆ ಖಾಕಿ ಇಟ್ಟರೆ ಚೆನ್ನಾಗಿ ಒಪ್ಪುತ್ತದೆ ಎಂದು ನನ್ನ ಜಾಣ ತಲೆಗೆ ಹೊಳೆಯಿತು. ತೋಳು, ಬೆನ್ನು ಎಲ್ಲ ಬೇರೆ ಬೇರೆ ಮಾಡಿ ಅಲ್ಲಲ್ಲಿ ಹರಡಿ, ಒಂದೆರಡು ತುಂಡು ಹೊಲಿದೂ ಬಿಟ್ಟೆವು. ಅಷ್ಟರಲ್ಲಿ ಕಂಡಕ್ಟರ್ ಸ್ನಾನ ಮುಗಿಸಿ ಬನಿಯನ್‌ನಲ್ಲಿ ಬಂದು, ಇಲ್ಲಿ ನನ್ನ ಡ್ಯೂಟಿ ಅಂಗಿ ಇಟ್ಟಿದ್ದೆನಲ್ಲ ಅಂದ. ಇನ್ನೊಂದು ಜೊತೆ ಅಂಗಿ ಅಗಸರ ಮನೆಯಲ್ಲಿತ್ತು. ಬಸ್ಸು ಹೊರಡಲು ಒಂದು ತಾಸು ಇತ್ತು.

ಹುಸೇನಮ್ಮ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಹೊಲಿಗೆ ಬಿಚ್ಚಿ, ಅಂಗಿಯನ್ನು ಮತ್ತೆ ಅಂಗಿ ಮಾಡಲು ಕೂತಳು. ಆಕೆಯ ಕೈ ಓಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಎಲ್ಲ ಕೂಡಿತು, ಬಲಗಡೆ ಕಂಕುಳಲ್ಲಿ ಮಾತ್ರ ಒಂದು ಅಂಗೈಯಷ್ಟು ಬಟ್ಟೆ ಕಡಿಮೆ ಬಿತ್ತು. ಅಲ್ಲಿಗೆ ಆತನ ಹೆಂಡತಿಯ ಹಳೇ ಸೀರೆಯ ಗುಲಾಬಿ ಹೂವಿನ ತುಂಡೊಂದನ್ನು ಹಚ್ಚಿ, ತೊಡಿಸಿ, ಹುಸೇನಮ್ಮ ಬಹಳ ಮರ್ಯಾದೆಯಿಂದ ಹೇಳಿದಳು: "ಬಲಗೈ ಒಂದು ಮ್ಯಾಲೆ ಎತ್ತಬ್ಯಾಡ್ರಿ, ಸಾಹೇಬ್ರ. ಉಳಿದಿದ್ದೆಲ್ಲ ಚಲೋ ಐತಿ." ಅಂದು ಸಂಜೆ ನಾವು ಕೊಟ್ಟೂರಿಗೆ ಮರಳಲು ಹತ್ತಿದ್ದು ಆತನದೇ ಬಸ್ಸು. ಬಲಮೊಳಕೈಯನ್ನು ಪಕ್ಕೆಗೆ ಒತ್ತಿಕೊಂಡು, ಗಂಟೆಯ ಹಗ್ಗವನ್ನು ಎಡಗೈಯಿಂದ ಎಳೆಯುತ್ತಿದ್ದ. ನಮ್ಮನ್ನು ನೋಡಿಯೂ ನೋಡದವನ ಹಾಗೆ ಮುಂದೆ ಹೋದ.

ತುಂಡುಗಳಾದ ಮೇಲೆ ಹಾಸುವುದು. ಅಡಿಗೆ ಹರಿಯದ ಒಂದು ಇಡೀ ಸೀರೆ, ಅದರ ಮೇಲೆ ಎರಡು ಮೂರು ಪದರ ಹಳೇ ಹಾಸಿಗೆ ಬಟ್ಟೆ, ಪಂಚೆ. ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳು. ನಾಲ್ಕು ಕಡೆ ನಾಲ್ವರು ಕೂತು ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತ, ಹೊಲಿದ ಭಾಗದ ಮೇಲೇ ಸರಿದು ಕೂರುತ್ತ ನಡುವಿಗೆ ಹೋಗಬೇಕು. ಹೀಗೆ ಸರಿಯುವಾಗ ನಿಮ್ಮ ಸೀರೆಯ ಮೇಲೆ ಕಣ್ಣಿರಲಿ. ಕೂಡ್ಲಿಗಿಯ ಹೆಡ್‌ಮಾಸ್ತರರ ಮನೆಯಲ್ಲಿ ನಾನು ಮಾತಿನ ಭರದಲ್ಲಿ ನನ್ನ ನೆರಿಗೆಯನ್ನೂ ಸೇರಿಸಿ ಎರಡು ಸಾಲು ಹೊಲಿದಿದ್ದೆ. ಚಹಾ ಕುಡಿಯಲು ಕರೆದರೆಂದು ಎದ್ದರೆ ಇಡೀ ಕೌದಿ ನನ್ನ ಹಿಂದೆ ಬಂತು. ಹುಸೇನಮ್ಮ ತಲೆ ಎತ್ತದೆಯೇ ಅಂದಳು: "ಕೌದಿ ಇಲ್ಲೇ ಬಿಟ್ಟು ಹೋಗವ್ವ. ಅದು ಅವರ ಮನೀದು."

ಆಕೆ ಕೆಲಸ ಪರೀಕ್ಷೆ ಮಾಡುತ್ತಿದ್ದದ್ದು ಕಣ್ಣಿನಿಂದಲ್ಲ, ಅಂಗಾಲಿನಿಂದ. ಸಂಜೆ ಕಾಲು ತೊಳೆದುಕೊಂಡು ಬಂದು, ಎಲ್ಲೋ ನೋಡುತ್ತ, ಕೌದಿಯ ಮೇಲೆ ಒಂದು ಸುತ್ತು ನಡೆಯುತ್ತಿದ್ದಳು. ನಾವು ಉಸಿರು ಬಿಗಿಹಿಡಿದು ಆ ಪಾದಗಳನ್ನೇ ನೋಡುತ್ತಿದ್ದೆವು. ಪಾದ ನಿಂತಿತೆಂದರೆ ಅಲ್ಲಿ ಹೊಲಿದವರ ಕಥೆ ಮುಗಿಯಿತು. ಗಂಟು, ಸುಕ್ಕು, ಸಡಿಲು ಹೊಲಿಗೆ ಯಾವುದೂ ಆ ಅಂಗಾಲಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹುಸೇನಮ್ಮ ತೀರಿಕೊಂಡು ಬಹಳ ವರ್ಷಗಳಾದವು. ನಾನು ಹಿರಿಯಳಾಗಿ ಕೌದಿಯ ಮೇಲೆ ನಡೆಯತೊಡಗಿದಾಗ ನನ್ನ ಅಂಗಾಲಿಗೆ ಅಷ್ಟು ಬುದ್ಧಿ ಇಲ್ಲವೆಂದು ತಿಳಿಯಿತು. ಹಾಗಂತ ಯಾರಿಗೂ ಹೇಳಲಿಲ್ಲ. ಗಂಭೀರವಾಗಿ ನಡೆದು, ಎಲ್ಲೋ ಒಂದು ಕಡೆ ಸುಮ್ಮನೆ ನಿಲ್ಲುತ್ತಿದ್ದೆ. ತಪ್ಪು ಮಾಡಿದವಳು ತಾನೇ ಒಪ್ಪಿಕೊಳ್ಳುತ್ತಿದ್ದಳು.

ಕಾಲ ಬದಲಾಯಿತು, ಗಂಟಿನೊಳಗಿನ ಬಟ್ಟೆಯೂ ಬದಲಾಯಿತು. ಮೊದಲು ಗಂಟು ಬಿಚ್ಚಿದರೆ ನೂಲಿನ ಸೀರೆ, ಧೋತರ, ಕುಪ್ಪಸ. ಆಮೇಲೆ ಜಾರುವ ಸೀರೆಗಳು ಬಂದವು. ಅವುಗಳಿಂದ ಹೊಲಿದ ಕೌದಿ ಹೊದ್ದವರ ಮೈಮೇಲೆ ನಿಲ್ಲದೆ ಬೆಳಗಾಗುವಷ್ಟರಲ್ಲಿ ನೆಲದ ಮೇಲಿರುತ್ತಿತ್ತು. ಆಮೇಲೆ ನೈಟಿ, ಆಮೇಲೆ ಎಳೆದಷ್ಟೂ ಬರುವ ಲೆಗ್ಗಿಂಗ್ಸು. ಲೆಗ್ಗಿಂಗ್ಸನ್ನು ಕೌದಿಗೆ ಹಾಕಲೇಬೇಡಿ. ಒಮ್ಮೆ ಹಾಕಿದ್ದಕ್ಕೆ, ಚೌಕವಾಗಿ ಶುರುವಾದ ಕೌದಿ ಮುಗಿಯುವಾಗ ಕುಂಬಳಕಾಯಿಯ ಹಾಗಾಗಿತ್ತು. ಕೂಡ್ಲಿಗಿಯ ಲಾರಿ ಮೆಕ್ಯಾನಿಕ್ ಒಬ್ಬ ತನ್ನ ಹಳೇ ಜೀನ್ಸ್ ಪ್ಯಾಂಟುಗಳನ್ನೆಲ್ಲ ತಂದು, ಜೇಬುಗಳನ್ನು ಹಾಗೇ ಇಟ್ಟು ಕೌದಿ ಮಾಡಿಕೊಡಿ ಅಂದ. ಏಳು ಸೂಜಿ ಮುರಿದು ಹೊಲಿದುಕೊಟ್ಟೆವು. ಅವನ ಹೆಂಡತಿ ಒಗೆದು ಹರವಿದಾಗ ತಂತಿ ಕಿತ್ತುಕೊಂಡು ಬಂತಂತೆ. ಆತ ಮಾತ್ರ ಅದನ್ನು ಲಾರಿಯ ಅಡಿಗೆ ಹಾಸಿಕೊಂಡು ಮಲಗಿ ರಿಪೇರಿ ಮಾಡುತ್ತಾನೆ, ನಟ್ಟು ತಿರುಗಿಸುವ ಪಾನಾಗಳನ್ನು ಕೌದಿಯ ಜೇಬಿನಲ್ಲೇ ಇಡುತ್ತಾನೆ. ಅದು ಮಾತ್ರ ನನಗೆ ಮೆಚ್ಚುಗೆಯಾಯಿತು.

ಇನ್ನು ಮಿಷನ್ನು. ಈಗ ಎರಡೇ ತಾಸಿನಲ್ಲಿ ಮಿಷನ್ ಮೇಲೆ ಕೌದಿ ಹೊಲಿದು ಕೊಡುವವರಿದ್ದಾರೆ. ನೀವೂ ಹೊಲಿಯುವಿರಿ, ಹೊಲಿಯಿರಿ, ಹೆಬ್ಬೆರಳು ಉಳಿಯುತ್ತದೆ. ನನ್ನ ತಕರಾರು ಒಂದೇ. ಮಿಷನ್ನಿಗೆ ಒಬ್ಬಳೇ ಕೂರುತ್ತಾಳೆ. ಕೈಹೊಲಿಗೆಗೆ ನಾಲ್ವರು ಎದುರುಬದುರು ಕೂರಬೇಕು, ಕೂತರೆ ಸಂಜೆಯವರೆಗೆ ಏಳುವಂತಿಲ್ಲ. ಇದರ ಬೆಲೆ ನನಗೆ ತಿಳಿದದ್ದು ನಾನು ಕೆಲಸ ಬಿಡುವ ವರ್ಷ, ಮಾಗಳದಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಾಗಳ ಹಡಗಲಿ ತಾಲ್ಲೂಕಿನ ಊರು, ಹೊಳೆಯ ದಂಡೆ. ಅಲ್ಲಿಯ ನಿಂಗಮ್ಮ ಎಪ್ಪತ್ತು ದಾಟಿದ ಹೆಂಗಸು, ಮಗ ಸೊಸೆಯ ಜೊತೆ ಇದ್ದಾಳೆ. ತನ್ನ ಹಳೇ ಸೀರೆಗಳಿಂದ ಒಂದು ಕೌದಿ ಆಗಬೇಕೆಂದು ಹೇಳಿಕಳಿಸಿದ್ದಳು. ನಾನು ಹೋಗಿ ಬಟ್ಟೆಯೆಲ್ಲ ತೊಳೆದು ಒಣಗಿಸಿ, ಹರಿದು ಮುಗಿಸಿದ ಮೇಲೆ ಆಕೆ ಒಳಗಿನಿಂದ ಇನ್ನೊಂದು ಸಣ್ಣ ಗಂಟು ತಂದಳು. ಇವನ್ನು ನಾನೇ ಹರಿದಿಟ್ಟಿದ್ದೇನೆ, ತೊಳೆದವೇ ಇವೆ, ಸೇರಿಸಿಬಿಡು ಅಂದಳು. ಅರಿಶಿನ ಬಣ್ಣದ್ದು ಒಂದಿಷ್ಟು ತುಂಡು, ನೇರಳೆ ಬಣ್ಣದ ಮೇಲೆ ಬೆಳ್ಳಿ ಚುಕ್ಕಿ ಇದ್ದದ್ದು ಒಂದಿಷ್ಟು. ಬಣ್ಣ ಚೆನ್ನಾಗಿವೆ ಎಂದು ಅರಿಶಿನದ್ದನ್ನು ನಟ್ಟನಡುವೆ ಇಟ್ಟೆ, ನೇರಳೆಯದನ್ನು ಅಂಚಿನ ಹತ್ತಿರ ಅಲ್ಲಲ್ಲಿ ಇಟ್ಟೆ. ಮುಟ್ಟಿ ನೋಡಲಿಲ್ಲ. ಕಣ್ಣು ಕಟ್ಟಿ ಕಲಿತ ವಿದ್ಯೆಯನ್ನು ಕಣ್ಣು ಬಿಟ್ಟುಕೊಂಡು ಮರೆತೆ.

ಮರುದಿನ ನನ್ನ ಜೊತೆಗಾತಿ ಗಂಗಮ್ಮ ಜ್ವರವೆಂದು ಬರಲಿಲ್ಲ. ಬಂದವರು ನಿಂಗಮ್ಮನ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಶಾರದಾ, ಹರಪನಹಳ್ಳಿಯಲ್ಲಿ ನರ್ಸು. ಕಿರಿಯಳು ಮಂಜುಳಾ, ಹಡಗಲಿಯಲ್ಲಿ ಸ್ಕೂಲ್ ಟೀಚರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬಾಗಿಲಲ್ಲೇ ನಿಂತರು. ಕೌದಿ ನಿನಗೇ, ಬಂದು ಒಯ್ಯಿ ಎಂದು ತಾಯಿ ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡಿಸಿದ್ದಳು. ಇನ್ನೊಬ್ಬಳು ಬರುವುದನ್ನು ಇಬ್ಬರಿಗೂ ಹೇಳಿರಲಿಲ್ಲ. ಕೈ ಸಾಲದು, ಕೂತುಕೊಳ್ಳಿ ಎಂದು ನಾನು ಒತ್ತಾಯಿಸಿದ್ದಕ್ಕೆ ಎದುರುಬದುರು ಕೂತರು. ಮಿಕ್ಕ ಎರಡು ಕಡೆ ನಿಂಗಮ್ಮ ಮತ್ತು ನಾನು.

ಅರಿಶಿನ ಸೀರೆ ನೋಡಿದ್ದೇ ಶಾರದಾಳ ಮುಖ ಗಂಟಾಯಿತು. ಅದರ ಕಥೆಯನ್ನು ಆಕೆ ನನಗೆ ಹೇಳಿದಳು, ತಂಗಿಗೆ ಕೇಳುವ ಹಾಗೆ. ಮಂಜುಳಾ ಹಡಗಲಿಯಲ್ಲಿ ಮನೆ ಕಟ್ಟಿಸಿದಾಗ ಆ ಸೀರೆಯನ್ನು ಶಾರದಾಳೇ ಕೊಟ್ಟಿದ್ದು, ಫಾಲನ್ನು ತನ್ನ ಕೈಯಾರೆ ಹಚ್ಚಿ. ಮರುವರ್ಷ ಶಾರದಾಳ ಮಗಳ ನಿಶ್ಚಿತಾರ್ಥ. ಮಂಜುಳಾಗೆ ಚುನಾವಣೆ ಡ್ಯೂಟಿ ಬಿದ್ದು ಹೋಗಲಾಗಲಿಲ್ಲ. ಅಕ್ಕನಿಗೆಂದು ಕೊಂಡ ಸೀರೆಯನ್ನು ಅವ್ವನ ಕೈಯಲ್ಲಿ ಕಳಿಸಿದ್ದಳು. ಬೀಗರ ಮುಂದೆ ಚೀಲ ಬಿಚ್ಚಿದರೆ ಒಳಗೆ ಇದೇ ಅರಿಶಿನ ಸೀರೆ, ತಾನು ಹಚ್ಚಿದ ಅದೇ ಫಾಲು. ತನ್ನ ಉಡುಗೊರೆ ತನಗೇ ತಿರುಗಿ ಬಂದಿತ್ತು. ಶಾರದಾ ಅದನ್ನು ಅಲ್ಲೇ ಅವ್ವನ ಕೈಗೆ ಕೊಟ್ಟು, ತಂಗಿಯ ಜೊತೆ ಮಾತು ಬಿಟ್ಟಳು. ತಾನು ಕಳಿಸಿದ್ದು ಹೊಸ ಸೀರೆಯೆಂದು ಮಂಜುಳಾ ಎಷ್ಟು ಹೇಳಿದರೂ ನಂಬಲಿಲ್ಲ. ಅಕ್ಕ ಬೇಕೆಂದೇ ಸುಳ್ಳು ಹೇಳಿ ಬೀಗರೆದುರು ತನ್ನ ಮಾನ ಕಳೆದಳೆಂದು ಮಂಜುಳಾ ಕೂಡ ಮಾತು ಬಿಟ್ಟಳು. ಹೀಗೆ ಎರಡು ವರ್ಷವಾಗಿತ್ತು.

ಮಾತಿಲ್ಲದವರ ಜೊತೆ ಕೌದಿ ಹೊಲಿಯುವುದು ಎಂಥ ಕೆಲಸ ಅಂತೀರಿ. ಶಾರದಾಗೆ ದಾರ ಬೇಕಾದರೆ, ಆ ಕಡೆ ಕೂತವರಿಗೆ ದಾರ ಕೊಡಲು ಹೇಳ್ರಿ ಎಂದು ನನಗೆ ಹೇಳುವಳು. ಮಂಜುಳಾ ದಾರವನ್ನು ನನ್ನ ಮಡಿಲಿಗೆ ಎಸೆಯುವಳು. ನಾನು ಎತ್ತಿ ಆ ಕಡೆ ದಾಟಿಸುವೆ. ಒಬ್ಬಳು ಸಿಟ್ಟಿನಲ್ಲಿ ದಾರ ಬಿಗಿದು ಎಳೆಯುತ್ತಿದ್ದಳು, ಇನ್ನೊಬ್ಬಳು ದುಃಖದಲ್ಲಿ ಸಡಿಲ ಬಿಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೌದಿಯ ನಡುಭಾಗ ಪೂರಿಯ ಹಾಗೆ ಉಬ್ಬಿತ್ತು. ಎರಡೂ ಕಡೆಯ ಸಾಲು ಬಿಚ್ಚಿಸಿದೆ. ನಿಂಗಮ್ಮ ಮಾತ್ರ ತಲೆ ಬಗ್ಗಿಸಿ, ಶಾಲೆಯ ಮಕ್ಕಳಿಗಿಂತ ವಿಧೇಯಳಾಗಿ ಹೊಲಿಯುತ್ತಿದ್ದಳು. ವಯಸ್ಸಾದವರು ಅಷ್ಟು ಸುಮ್ಮನಿದ್ದರೆ ಏನೋ ಇದೆ ಎಂದು ನನಗೆ ತಿಳಿಯಬೇಕಿತ್ತು.

ಬಿಚ್ಚಿದ ಸಾಲನ್ನು ಮತ್ತೆ ಹೊಲಿಯುವಾಗ ನನ್ನ ಸೂಜಿ ಒಂದು ನೇರಳೆ ತುಂಡಿನ ಮೇಲೆ ಬಂದು ಕಿರ್ರೆಂದಿತು. ಬೆರಳಿನಿಂದ ತಿಕ್ಕಿ ನೋಡಿದೆ. ಗರಿಗರಿ ಗಂಜಿ. ನನಗೆ ಬಾಯಿಯ ಮೇಲೆ ಹಿಡಿತ ಕಡಿಮೆ, ಅದೂ ಕೆಲಸದ ವಿಷಯ ಬಂದರೆ ಇಲ್ಲವೇ ಇಲ್ಲ. "ನಿಂಗಮ್ಮಾರ, ಇದು ಹೊಸಾ ಸೀರಿ. ಒಮ್ಮೆನೂ ನೀರು ಕಂಡಿಲ್ಲ. ಉಡದ ಸೀರಿ ಯಾಕ ಹರಿದ್ರಿ?" ಎಂದು ಕೇಳಿಬಿಟ್ಟೆ.

ಮಂಜುಳಾ ಬಗ್ಗಿ ನೋಡಿದಳು. ನೇರಳೆ ಬಟ್ಟೆಯ ಮೇಲಿನ ಬೆಳ್ಳಿ ಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿದಳು. "ಇದು ನಾನು ಅಕ್ಕಗ ತಂದಿದ್ದ ಸೀರಿ" ಅಂದಳು. ನಿಂಗಮ್ಮ ಹಾಲು ಉಕ್ಕುತ್ತದೆಂದು ಏಳಲು ನೋಡಿದಳು. ಒಲೆಯ ಮೇಲೆ ಹಾಲಿರಲಿಲ್ಲ.

ಆಗ ಹೊರಬಂತು ಎಲ್ಲ. ಅಕ್ಕ ಕೊಟ್ಟ ಅರಿಶಿನ ಸೀರೆಯನ್ನು ಅವ್ವ ಬಹಳ ಮೆಚ್ಚಿದಳೆಂದು ಮಂಜುಳಾ ಅದನ್ನು ಅವ್ವನಿಗೇ ಉಡಲು ಕೊಟ್ಟಿದ್ದಳು. ನಿಂಗಮ್ಮ ಉಡಲು ಮನಸ್ಸು ಬಾರದೆ ಟ್ರಂಕಿನಲ್ಲಿಟ್ಟಿದ್ದಳು, ಉಟ್ಟು ಹಳೆಯದಾಯಿತೆಂದೇ ಮಂಜುಳಾ ತಿಳಿದಿದ್ದಳು. ನಿಶ್ಚಿತಾರ್ಥದ ಹೊಸ ಸೀರೆಯನ್ನೂ ಅದೇ ಟ್ರಂಕಿನಲ್ಲಿಟ್ಟಳು. ಎರಡೂ ಒಂದೇ ಅಂಗಡಿಯ ಒಂದೇ ಥರದ ಚೀಲ. ಹೊರಡುವ ಗಡಿಬಿಡಿಯಲ್ಲಿ ಎತ್ತಿಕೊಂಡದ್ದು ತಪ್ಪು ಚೀಲ. ಮನೆಗೆ ಮರಳಿ ಟ್ರಂಕು ತೆರೆದಾಗಲೇ ಆಕೆಗೆ ಗೊತ್ತಾದದ್ದು. ಅಷ್ಟರಲ್ಲಿ ಮಕ್ಕಳ ಜಗಳ ಹೊತ್ತಿಕೊಂಡಿತ್ತು, ಈಗ ಹೇಳಿದರೆ ಇಬ್ಬರೂ ತನ್ನ ಮೇಲೆ ಬೀಳುತ್ತಾರೆಂದು ಬಾಯಿ ಮುಚ್ಚಿಕೊಂಡಳು. ಎರಡೂ ಸೀರೆ ಹರಿದು ಕೌದಿಗೆ ಹಾಕಿದರೆ ಜಗಳವೂ ಹರಿಯುತ್ತದೆ ಎಂದುಕೊಂಡಿದ್ದಳಂತೆ.

ಶಾರದಾ ಸೂಜಿ ಕೆಳಗಿಟ್ಟಳು. "ಎರಡು ವರ್ಷ ಬಾಯಿ ಹೊಲಕೊಂಡು ಕುಂತಿದ್ದೇನವ್ವ?"

"ನಾನು ಫೋನಿನ್ಯಾಗ ಅಷ್ಟು ಅತ್ತೆ. ಆವಾಗರ ಹೇಳಬಾರದಾಗಿತ್ತಾ?" ಅಂದಳು ಮಂಜುಳಾ.

"ಹೇಳಿದ್ರ ಇಬ್ರೂ ಕೂಡಿ ನನ್ನ ಬೈತಿದ್ರಿ" ಅಂದಳು ನಿಂಗಮ್ಮ.

"ಈಗ ಬೈಯಾಕತ್ತಿಲ್ಲೇನು?" ಎಂದು ಅಕ್ಕತಂಗಿಯರು ಒಂದೇ ಉಸಿರಿಗೆ, ಒಂದೇ ಮಾತು, ಒಂದೇ ರಾಗದಲ್ಲಿ ಅಂದರು. ಅಂದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಮತ್ತೆ ಸೂಜಿ ಎತ್ತಿಕೊಂಡರು.

ಸತ್ಯ ಹೊರಬಿದ್ದ ಮೇಲೆ ಅಕ್ಕತಂಗಿಯರು ತಬ್ಬಿಕೊಂಡು ಅಳುತ್ತಾರೆ ಎಂದು ನಾನು ಕಾದೆ. ಏನೂ ಆಗಲಿಲ್ಲ. ಇಬ್ಬರೂ ಅವ್ವನಿಗೆ ಬೈದರೇ ಹೊರತು ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಎರಡು ವರ್ಷದ ರೂಢಿ, ನಾಲಿಗೆ ಹೊರಳಬೇಕಲ್ಲ. ಹೊಲಿಗೆ ಮಾತ್ರ ಸರಿಹೋಯಿತು. ಬಿಗಿಯೂ ಇಲ್ಲ, ಸಡಿಲೂ ಇಲ್ಲ, ಎರಡೂ ಕಡೆಯ ಸಾಲು ಒಂದೇ ಹದದಲ್ಲಿ ನಡುವಿಗೆ ಬಂದು ಕೂಡಿದವು. ಮಿಕ್ಕದ್ದು ಒಂದು ಮೂಲೆ ಮಾತ್ರ. ಆ ಮೂಲೆಯನ್ನು ನಾವು ಒಮ್ಮೆಗೇ ಹೊಲಿಯುವುದಿಲ್ಲ. ಹೋಳಿಗೆಯ ಒಂದು ಚೂರನ್ನು ಒಳಗಿಟ್ಟು ಮುಚ್ಚುತ್ತೇವೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತೇವೆ. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲವಂತೆ.

ಆದರೆ ಶಾರದಾ ಗಡಿಯಾರ ನೋಡಿ ಕನ್ನಡಕ ಮಡಿಸಿದಳು. ಹಡಗಲಿ ಮೇಲೆ ಹರಪನಹಳ್ಳಿಗೆ ಹೋಗುವ ಬಸ್ಸಿಗೆ ಹೊತ್ತಾಯಿತು, ಕೌದಿಯನ್ನು ಅವರೇ ಒಯ್ಯಲಿ ಎಂದು ನನಗೆ ಹೇಳಿದಳು. ನನಗೂ ಬೇಡ, ಅವರೇ ಒಯ್ಯಲಿ ಎಂದು ಮಂಜುಳಾ ಕೂಡ ನನಗೇ ಹೇಳಿದಳು. ನಿಂಗಮ್ಮ ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡುತ್ತ ಕೂತಿದ್ದಳು. ಕಣ್ಣು ತುಂಬಿದ್ದವು. ಈಗ ಎದ್ದು ಹೋದರೆ ಇವರು ಮತ್ತೆ ಯಾವ ಮದುವೆಯಲ್ಲೋ, ಯಾರು ಸತ್ತಾಗಲೋ ಸೇರುವುದು ಎಂದುಕೊಂಡೆ. ಶಾರದಾ ಬ್ಯಾಗಿಗೆ ಕೈ ಹಾಕಿದಳು.

ನಾನು ಮೂವತ್ತೆಂಟು ವರ್ಷದಲ್ಲಿ ಮಾಡದ ಕೆಲಸವೊಂದನ್ನು ಮಾಡಿದೆ. ಸೂಜಿಯನ್ನು ದಾರದಿಂದ ಬಿಡಿಸಿ, ತಲೆ ಕೆರೆದುಕೊಳ್ಳುವವಳ ಹಾಗೆ ಕೈ ಎತ್ತಿ, ನನ್ನ ತುರುಬಿಗೆ ಚುಚ್ಚಿಕೊಂಡೆ. ಆಮೇಲೆ ಕೌದಿಯ ಮೇಲೆ 'ಅಯ್ಯೋ' ಎಂದು ತಡಕಾಡಿ, "ಸೂಜಿ ಕಾಣವಲ್ದು. ಯಾರೂ ಏಳಬ್ಯಾಡ್ರಿ" ಅಂದೆ.

ಇದು ಹುಸೇನಮ್ಮನ ಕಾಲದಿಂದ ಬಂದ ಕಟ್ಟಪ್ಪಣೆ. ಕೌದಿಯಲ್ಲಿ ಸೂಜಿ ಕಳೆದರೆ ಅದು ಸಿಗುವವರೆಗೆ ಕೂತವರು ಕೂತೇ ಇರಬೇಕು. ಎದ್ದರೆ ಸೂಜಿ ಎಲ್ಲಿಗೋ ಸರಿಯುತ್ತದೆ. ಆಮೇಲೆ ಆ ಕೌದಿಯ ಮೇಲೆ ಹಸುಗೂಸು ಮಲಗುತ್ತದೆ. ನರ್ಸಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಶಾರದಾ ಬ್ಯಾಗು ಕೆಳಗಿಟ್ಟು, ಮತ್ತೆ ಕನ್ನಡಕ ಹಾಕಿಕೊಂಡು ಅಂಗೈ ಊರಿದಳು. ಮೂವರೂ ಮಂಡಿಯೂರಿ ಒಂದೊಂದು ತುಂಡನ್ನೇ ಒತ್ತಿ ಒತ್ತಿ ಹುಡುಕತೊಡಗಿದರು. ನಾನೂ ಹುಡುಕಿದೆ, ಎಲ್ಲರಿಗಿಂತ ಶ್ರದ್ಧೆಯಿಂದ.

ಸ್ವಲ್ಪ ಹೊತ್ತಿಗೆ ಶಾರದಾ ಅಂದಳು: "ಮಂಜಿ, ಆ ಅಂಚಿನ ಕಡಿ ನೋಡು. ನಿನ್ನ ಕೈ ಸಣ್ಣವು."

ಮಂಜುಳಾ ಅಂಚನ್ನು ತುದಿಯವರೆಗೂ ಒತ್ತಿ ನೋಡಿದಳು. ಆಮೇಲೆ, "ನೋಡೀನಿ ಅಕ್ಕ, ಇಲ್ಲಿಲ್ಲ" ಅಂದಳು.

ಅಷ್ಟೇ. ನನಗೆ ಕಣ್ಣು ಮಂಜಾಗಿ ನಿಜವಾಗಿಯೂ ಏನೂ ಕಾಣದಾಯಿತು. ಹುಡುಕುತ್ತ ಹುಡುಕುತ್ತ ಅವರಿಗೆ ಸೂಜಿಯ ಬದಲು ಬೇರೆ ಬೇರೆ ಸಿಗತೊಡಗಿದವು. ಒಂದು ಹಸಿರು ತುಂಡು ಸಿಕ್ಕಿತು. ಮಂಜುಳಾ ಶಾಲೆಗೆ ಹೋಗಲ್ಲವೆಂದು ಹಿಡಿದು ಜೋತಾಡಿದ ಸೆರಗು ಅದೇ ಎಂದು ಶಾರದಾ ಅಂದಳು. ಈಗ ಅದೇ ಹುಡುಗಿ ಶಾಲೆಗೆ ಬಾರದ ಮಕ್ಕಳಿಗೆ ಬೈಯುತ್ತಾಳೆ ಎಂದೂ ಸೇರಿಸಿದಳು. ಅಂಚಿನಲ್ಲಿ ಒಂದು ಸುಟ್ಟ ಕಲೆಯ ತುಂಡು ಸಿಕ್ಕಿತು. ಅಕ್ಕ ಕದ್ದು ಇಸ್ತ್ರಿ ಮಾಡಲು ಹೋಗಿ ಸುಟ್ಟದ್ದು, ಬೈಸಿಕೊಂಡದ್ದು ತಾನು ಎಂದು ಮಂಜುಳಾ ಲೆಕ್ಕ ತೆಗೆದಳು. ನೇರಳೆ ಚುಕ್ಕಿಯ ಮೇಲೆ ಕೈ ಬಂದಾಗ ಶಾರದಾ ಅಲ್ಲೇ ಸವರುತ್ತ ಕೂತಳು. ಬಣ್ಣ ಬಹಳ ಚೆನ್ನಾಗಿತ್ತು, ತನಗೆ ಒಪ್ಪುತ್ತಿತ್ತು ಅಂದಳು. ಹೊರಗೆ ಬಸ್ಸು ಹಾರ್ನ್ ಹೊಡೆದು ಹೋದದ್ದನ್ನು ನಾನು ಕೇಳಿದೆ. ಅವರು ಕೇಳಲಿಲ್ಲ.

ನಿಂಗಮ್ಮ ಹುಡುಕುವುದನ್ನು ಯಾವಾಗಲೋ ಬಿಟ್ಟಿದ್ದಳು. ಗೋಡೆಗೆ ಒರಗಿ ಮಕ್ಕಳನ್ನು ನೋಡುತ್ತಿದ್ದವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. ಮುಖ ನೋಡಲಿಲ್ಲ, ನನ್ನ ತುರುಬು ನೋಡಿದಳು. ನಾನು ಸೆರಗು ಎಳೆದುಕೊಳ್ಳುವಷ್ಟರಲ್ಲಿ ಆಕೆ ಹತ್ತಿರ ಬಗ್ಗಿ, ಮಕ್ಕಳಿಗೆ ಕೇಳದಂತೆ ಅಂದಳು: "ಹಂಪಮ್ಮ, ಸೂಜಿ ನಾಳಿ ಸಿಕ್ರೂ ನಡೀತೈತಿ."

ಕತ್ತಲಾದ ಮೇಲೆ, ಬೆಳಕಿನಲ್ಲಿ ಹುಡುಕಿದರಾಯಿತೆಂದು ನಾನೇ ಕಟ್ಟಪ್ಪಣೆ ಸಡಿಲಿಸಿ ಕೌದಿಯನ್ನು ಹಾಸಿದಲ್ಲೇ ಬಿಡಿಸಿದೆ; ಆ ದಿನ ಎಲ್ಲರೂ ಮಾಗಳದಲ್ಲೇ ಉಳಿದೆವು. ಮರುದಿನ ಅಕ್ಕತಂಗಿಯರು ರಜೆ ಹಾಕಿ, ಬೇಳೆಗೆ ಬೆಲ್ಲ ಹೆಚ್ಚಾಯಿತು ಕಡಿಮೆಯಾಯಿತು ಎಂದು ಒಬ್ಬರಿಗೊಬ್ಬರು ಬಾಯಿ ಮಾಡುತ್ತ ಹೋಳಿಗೆ ಮಾಡಿದರು. ಕೌದಿಯನ್ನು ಇಬ್ಬರೂ ಒಯ್ಯಲಿಲ್ಲ; ಬಂದಾಗ ಹೊದ್ದುಕೊಳ್ಳಲು ಇರಲಿ ಎಂದು ಅವ್ವನ ಹತ್ತಿರವೇ ಬಿಟ್ಟರು. ಸೂಜಿ ಮಧ್ಯಾಹ್ನ, ಎಲ್ಲರ ಊಟವಾದ ಮೇಲೆ ಸಿಕ್ಕಿತು.